ಖಾದರನ ಟೈರಿನ ಗುರುತು

ದೆವ್ವ, ಗಾಳಿ, ಸೋಂಕು, ಶಕುನ ಇವುಗಳಲ್ಲಿ ಒಂದನ್ನೂ ನಾನು ನಂಬಿದವನಲ್ಲ. ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಹೋದರೆ ಏನೋ ಹಿಡಿದುಕೊಳ್ಳುತ್ತದೆ ಎಂದು ಮಕ್ಕಳು ಸುತ್ತಿ ಬಳಸಿ ಹೋಗುತ್ತಿದ್ದುದನ್ನು ಕಂಡು, ಒಂದು ಅಮಾವಾಸ್ಯೆಯ ಸಂಜೆ ಇಡೀ ಎಂಟನೇ ತರಗತಿಯನ್ನು ಅದೇ ಮರದ ಬುಡದಲ್ಲಿ ಕೂರಿಸಿ ಮಂಡಕ್ಕಿ ಹಂಚಿದ್ದೆ. ಕಣ್ಣಿಗೆ ಕಂಡದ್ದನ್ನು ನಂಬಿ, ಕಿವಿಗೆ ಬಿದ್ದದ್ದನ್ನು ಪರೀಕ್ಷೆ ಮಾಡಿ ಎಂಬುದು ನಾನು ಎಲ್ಲ ತರಗತಿಗಳಲ್ಲೂ ಹೇಳುತ್ತಿದ್ದ ಮಾತು. ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಹೇಳುವಾಗ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಯಾಕೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದವರು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆಯವರು ಇದನ್ನು ನನಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಆಗ ನಮಗೆ ಮೂವರಿಗೆ ಒಂದು ಹುಚ್ಚಿತ್ತು. ಮೂವರೆಂದರೆ ನಾನು, ಮಧುಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರುದ್ರಣ್ಣ, ಶಿರಾದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಖಾದರ್. ರಜ ಸಿಕ್ಕಿದ ಕೂಡಲೇ ಮೂರು ಮೋಟಾರ್ ಸೈಕಲ್ಲು ಏರಿ, ಬಸ್ಸು ಹೋಗದ, ಜೀಪೂ ಹಿಂದೆಮುಂದೆ ನೋಡುವ ದಾರಿಗಳನ್ನು ಹುಡುಕಿಕೊಂಡು ಹೊರಡುತ್ತಿದ್ದೆವು. ಗಾಡಿದಾರಿ, ಕುರಿದಾರಿ, ಗುಡ್ಡದ ಇಳಿಜಾರು, ಬತ್ತಿದ ಕೆರೆಯ ಅಂಗಳ, ಕಡಲೆಕಾಯಿ ಹೊಲಗಳ ನಡುವಿನ ಬದು, ಎಲ್ಲವೂ ನಮಗೆ ರಸ್ತೆಯೇ. ಡಾಂಬರಿಗೆ ಚಕ್ರ ತಾಗಿಸದೆ ಒಂದೂರಿನಿಂದ ಇನ್ನೊಂದೂರು ಮುಟ್ಟಬೇಕು ಎನ್ನುವುದೇ ನಮ್ಮ ಆಟ. ನನ್ನ ಹುಟ್ಟೂರು ಕೊಳಾಲದ ಸುತ್ತಿನ ಗುಡ್ಡಗಳನ್ನೆಲ್ಲ ಹೀಗೆ ಮುಗಿಸಿದ್ದೆವು. ನಮ್ಮ ಅವ್ವ ನಮ್ಮನ್ನು ನೋಡಿ, 'ಕುರಿ ಮೇಯ್ಸೋರಾದ್ರೂ ಕುರಿಗೋಸ್ಕರ ಅಲೀತಾರೆ. ನೀವು ಯಾತಕ್ಕಲೀತೀರಾ?' ಎಂದು ಕೇಳಿದ್ದಳು. ನಾವು ನಕ್ಕು ಗಾಡಿ ಏರಿದ್ದೆವು.

ಗಾಡಿಗಳನ್ನು ಆ ದಾರಿಗಳಿಗೆ ತಯಾರು ಮಾಡಿದವನು ಖಾದರ್. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಕಡ್ಡಿಯಂಥ ಮೈ, ಕೈ ಮಾತ್ರ ಕಬ್ಬಿಣ. ಕಲ್ಲಿಗೆ ಬಡಿಯದಂತೆ ಸೈಲೆನ್ಸರನ್ನು ಸೀಟಿನ ಮಟ್ಟಕ್ಕೆ ಎತ್ತಿ ಕಟ್ಟಿದ್ದ. ಕೆಸರು ಸಿಕ್ಕಿಕೊಳ್ಳಬಾರದೆಂದು ಮುಂದಿನ ಮಡ್‌ಗಾರ್ಡನ್ನು ಮೇಲಕ್ಕೆ ಸರಿಸಿದ್ದ. ಉಬ್ಬು ಹತ್ತುವುದಕ್ಕೆಂದು ಹಿಂದಿನ ಚಕ್ರಕ್ಕೆ ಚೈನು ಓಡುವ ದೊಡ್ಡ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಹಾಕಿದ್ದ. ತನ್ನ ಹಳೇ ಜಾವಾ ಗಾಡಿಗಂತೂ ಅವನು ಮಾಡದ ಪ್ರಯೋಗವಿರಲಿಲ್ಲ. ನಾನು ಹೇಳಹೊರಟಿರುವ ದಿನದ ಹಿಂದಿನ ಸಂಜೆ ಅವನು ಅದರ ಹಿಂದಿನ ಚಕ್ರಕ್ಕೆ ರೀಟ್ರೆಡ್ ಮಾಡಿಸಿದ, ಎಂದರೆ ಹೊಸ ರಬ್ಬರು ಹತ್ತಿಸಿದ ಹಳೇ ಟೈರು ಹಾಕಿ, ಮಣ್ಣಿನಲ್ಲಿ ಹಿಡಿತ ಸಿಗಲೆಂದು ಚೂರಿಯಿಂದ ಅದರ ರಬ್ಬರಿನಲ್ಲಿ ಆಳವಾದ ಕಚ್ಚುಗಳನ್ನು ಕೊರೆದ. ಒಂದು ಕಡೆ ಚೂರಿ ಜಾರಿ ಅಂಚಿನ ತುಂಡೊಂದು ಕಿತ್ತುಬಂತು. ಅಲ್ಲಿ ಅರ್ಧ ಚಂದ್ರನ ಆಕಾರದ ಹಳ್ಳ ಉಳಿಯಿತು. ಹಾಗಾಗಿ ಆ ಗಾಡಿ ಮಣ್ಣಿನ ಮೇಲೆ ಹೋದರೆ, ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ, ಅಂದರೆ ಸುಮಾರು ಮಾರಿಗೊಂದರಂತೆ, ಒಂದು ಅರ್ಧ ಚಂದ್ರ ಮೂಡುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಮಧುಗಿರಿಯಿಂದ ಹೊರಟಾಗ ಮೊದಲ ಹುಡಿಮಣ್ಣಿನ ದಾರಿಯಲ್ಲೇ ಅದು ನಮ್ಮ ಕಣ್ಣಿಗೆ ಬಿತ್ತು. ರುದ್ರಣ್ಣ, 'ಲೇ ಖಾದರ್, ದಾರಿ ಉದ್ದಕ್ಕೂ ಚಂದ್ರನ್ನ ಬಿತ್ತಿಕೊಂಡು ಹೋಗ್ತಾ ಇದೀಯಲ್ಲೋ' ಎಂದು ನಕ್ಕ. ಖಾದರನೂ ನಕ್ಕ.

ದಸರಾ ರಜ. ಹಸ್ತ ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಬೆಳಿಗ್ಗೆ ಹೊರಟು, ಗುಡ್ಡಗಳ ನಡುವಿನ ದಾರಿಗಳಲ್ಲೇ ಸಾಗಿ, ಸಂಜೆಯ ಹೊತ್ತಿಗೆ ಪಾವಗಡ ಸೇರಬೇಕು, ರಾತ್ರಿ ಅಲ್ಲಿ ರುದ್ರಣ್ಣನ ಅಕ್ಕನ ಮನೆಯಲ್ಲಿ ಉಳಿಯಬೇಕು, ಮಾರನೆಯ ದಿನ ವೈ.ಎನ್. ಹೊಸಕೋಟೆಯ ಕಡೆ ಒಂದು ಸುತ್ತು ಹಾಕಿ ವಾಪಸಾಗಬೇಕು ಎಂಬುದು ಲೆಕ್ಕಾಚಾರ. ಮಧ್ಯಾಹ್ನದವರೆಗೆ ಎಲ್ಲ ಅಂದುಕೊಂಡಂತೆಯೇ ಆಯಿತು. ಒಂದು ಹೊಂಗೆಮರದ ಕೆಳಗೆ ಕೂತು ರುದ್ರಣ್ಣನ ಮನೆಯ ರೊಟ್ಟಿ, ಚಟ್ನಿಪುಡಿ ತಿಂದೆವು. ಉತ್ತರದ ಗುಡ್ಡಗಳ ಮೇಲೆ ಮೋಡ ಕಪ್ಪಗೆ ಕೂತಿತ್ತು. ನಮ್ಮ ನೆತ್ತಿಯ ಮೇಲೆ ಮಾತ್ರ ಸುಡುಬಿಸಿಲು.

ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಯಾವಾಗಲೂ ಮುಂದೆ ಹೋಗುವವನು ಖಾದರ್. ದಾರಿ ಕವಲೊಡೆಯುವ ಕಡೆ ಅವನು ನಿಂತು ನಮಗಾಗಿ ಕಾಯಬೇಕು, ಇಲ್ಲವೇ ತಾನು ಹೋದ ದಾರಿಯಲ್ಲಿ ಒಂದು ತಂಗಡಿ ರೆಂಬೆ ಮುರಿದು ಹಾಕಿ, ಅದರ ಮೇಲೊಂದು ಕಲ್ಲಿಡಬೇಕು. ಈ ಕಟ್ಟುಪಾಡನ್ನು ಅವನು ಎಂದೂ ತಪ್ಪಿದವನಲ್ಲ.

ಊಟವಾದ ಮೇಲೆ ಒಂದೆರಡು ಮೈಲಿ ಹೋಗಿರಬೇಕು, ರುದ್ರಣ್ಣನ ಬುಲೆಟ್ಟಿನ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಹೊಕ್ಕಿತು. ಖಾದರ್ ಆಗಲೇ ಕಣ್ಮರೆಯಾಗಿದ್ದ. ಕೂಗಿದೆವು, ಹಾರನ್ ಹೊಡೆದೆವು. ಗಾಳಿ ನಮ್ಮೆದುರಿಗೇ ಬೀಸುತ್ತಿದ್ದುದರಿಂದ ಅವನಿಗೆ ಕೇಳಿಸಿರಲಾರದು. ಮುಂದಿನ ಕವಲಿನಲ್ಲಿ ಹೇಗೂ ಕಾಯುತ್ತಾನೆ ಎಂದುಕೊಂಡು ನಾವಿಬ್ಬರೇ ಚಕ್ರ ಬಿಚ್ಚಿ, ಟ್ಯೂಬಿಗೆ ಪ್ಯಾಚು ಹಾಕಿ, ಗಾಳಿ ತುಂಬಿ ಮುಗಿಸುವ ಹೊತ್ತಿಗೆ ಒಂದು ಗಂಟೆ ದಾಟಿತು. ಅಭ್ಯಾಸವಿಲ್ಲದ ಕೈಗಳು.

ಮತ್ತೆ ಹೊರಟು ಕವಲಿಗೆ ಬಂದಾಗ ನಾಲ್ಕೂವರೆ ಇರಬಹುದು. ಖಾದರ್ ಅಲ್ಲಿರಲಿಲ್ಲ. ತಂಗಡಿ ರೆಂಬೆಯೂ ಇರಲಿಲ್ಲ. ಬಲಕ್ಕೆ ಹೋಗುವ ದಾರಿ ಒಂದು ಅಗಲವಾದ ಹಾಸುಬಂಡೆಯ ಮೇಲೆ ಹತ್ತಿ ಗುಡ್ಡದ ಆಚೆಗೆ ಹೋಗುತ್ತಿತ್ತು. ಆಚೆಗೆ ಒಂದು ಹಳ್ಳಿಯಿದೆ ಎಂದು ದಾರಿಯಲ್ಲಿ ಕೇಳಿ ತಿಳಿದಿದ್ದೆವು. ನಾವು ಹೋಗಬೇಕಾಗಿದ್ದುದೂ ಅಲ್ಲಿಗೇ. ಎಡದ ದಾರಿ ಗುಡ್ಡದ ಬುಡ ಬಳಸಿಕೊಂಡು, ಪಾದ ಮುಳುಗುವಷ್ಟು ನುಣ್ಣನೆಯ ಹುಡಿಮಣ್ಣಿನಲ್ಲಿ, ಜಾಲಿಯ ಪೊದೆಗಳ ನಡುವೆ ಇಳಿದು ಹೋಗುತ್ತಿತ್ತು.

ಬಂಡೆಯ ಮೇಲೆ ಯಾವ ಗುರುತೂ ನಿಲ್ಲುವುದಿಲ್ಲ. ಎಡದ ದಾರಿಯ ಹುಡಿಮಣ್ಣಿನಲ್ಲಿ ಮಾತ್ರ ಅಚ್ಚೊತ್ತಿದ ಹಾಗೆ ಟೈರಿನ ಗೆರೆ ಇತ್ತು. ನಾನು ಗಾಡಿಯಿಂದ ಇಳಿದು ಬಗ್ಗಿ ನೋಡಿದೆ. ಕಚ್ಚುಗಳು, ಒಂದು ಮಾರು ದೂರದಲ್ಲಿ ಅರ್ಧ ಚಂದ್ರ, ಇನ್ನೊಂದು ಮಾರಿಗೆ ಇನ್ನೊಂದು. ರುದ್ರಣ್ಣನೂ ಇಳಿದು ಬಂದ. ಕುಕ್ಕುರುಗಾಲಲ್ಲಿ ಕೂತು, ಒಂದು ಅರ್ಧ ಚಂದ್ರದ ನಟ್ಟನಡುವೆ ತೋರುಬೆರಳನ್ನು ಊರಿ, 'ನೋಡಿ ಮೇಷ್ಟ್ರೇ, ಚಂದ್ರ ಇಲ್ಲೇ ಹೋಗಿದ್ದಾನೆ' ಎಂದ. ಅವನ ಬೆರಳು ಉಗುರಿನ ಬುಡದವರೆಗೆ ಮಣ್ಣಿನಲ್ಲಿ ಇಳಿದದ್ದು ನನಗೆ ಚೆನ್ನಾಗಿ ನೆನಪಿದೆ.

ಆ ದಾರಿಯ ಬದಿಯಲ್ಲೇ, ನಾಲ್ಕೈದು ಮಾರು ಆಚೆಗೆ, ಒಂದು ಬೇವಿನ ಮರದ ನೆರಳಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸಿನವಳು. ಅವಳ ಕುರಿಗಳು ಗುಡ್ಡದ ಓರೆಯಲ್ಲಿ ಮೇಯುತ್ತಿದ್ದವು. ನಾವು ಗಾಡಿ ಎಡಕ್ಕೆ ತಿರುಗಿಸಿದ್ದು ನೋಡಿ ಎದ್ದು ಬಂದಳು.

'ಎಕ್ಕಡಿಕಿ ಸಾಮಿ?', ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿ, ನಮ್ಮ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. 'ಅತ್ಲಾಗೆ ಊರಿಲ್ಲ ಕಣ್ರಪ್ಪ. ಹಳ್ಳ ಐತೆ, ಅಷ್ಟೇಯ. ಊರಿಗೋಗೋದಾದ್ರೆ ಬಂಡೆ ಹತ್ತಿ ಹೋಗಿ.'

'ನಮ್ಮವನೊಬ್ಬ ಈ ದಾರೀಲಿ ಮುಂದೆ ಹೋಗಿದ್ದಾನಮ್ಮ, ಮೋಟಾರ್ ಸೈಕಲ್ಲಿನಲ್ಲಿ' ಎಂದೆ.

'ಇಲ್ಲಿ ಯಾರೂ ಹೋಗ್ಲಿಲ್ವಲ್ಲ. ಉಂಡ್ಕಂಡು ಬಂದಾಗ್ಲಿಂದ ಇಲ್ಲೇ ಕುಂತಿವ್ನಿ. ಆವಾಗ್ಲೆ ಗುಡುಗುಡು ಅಂತ ಸದ್ದು ಕೇಳಿಸ್ತು, ಅದೂ ಆ ಬಂಡೆ ಕಡೆಯಿಂದ. ಜಾಲಿ ಅಡ್ಡ, ಆಳು ಕಾಣ್ಲಿಲ್ಲ.'

ನಾನು ಅವಳಿಗೆ ಮಣ್ಣಿನ ಮೇಲಿನ ಗೆರೆಯನ್ನು ತೋರಿಸಿದೆ. ಅವಳು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ಕಣ್ಣು ಕುರಿಗಳ ಮೇಲಿತ್ತು. ಅವಳಿಗೆ ಜೊಂಪು ಹತ್ತಿರಬೇಕು, ಗುಡ್ಡಕ್ಕೆ ಬಡಿದ ಸದ್ದು ಬಲಗಡೆಯಿಂದ ಕೇಳಿಸಿರಬೇಕು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದೆ. ಕಿವಿಗಿಂತ ಕಣ್ಣು ಮೇಲು ಎನ್ನುವುದು ನನ್ನ ಪಾಠವಲ್ಲವೇ? ರುದ್ರಣ್ಣ ಮಾತ್ರ, 'ಅವಳು ಹೇಳೋದೂ ಕೇಳಿ ಮೇಷ್ಟ್ರೇ' ಎಂದು ಅನುಮಾನಿಸಿದ. ನಾನೇ ಒತ್ತಾಯ ಮಾಡಿ ಎಡಕ್ಕೆ ಕರೆದುಕೊಂಡು ಹೋದೆ.

ಗೆರೆಯನ್ನು ಅಳಿಸಬಾರದೆಂದು ಅದರ ಪಕ್ಕದಲ್ಲೇ, ಒಬ್ಬರ ಹಿಂದೊಬ್ಬರು, ನಿಧಾನವಾಗಿ ನಡೆಸಿಕೊಂಡು ಹೋದೆವು. ಮಧ್ಯೆ ಎರಡು ಕಡೆ ಇಳಿದು ಮತ್ತೆ ನೋಡಿದೆವು. ಅರ್ಧ ಚಂದ್ರಗಳು ತಪ್ಪದೆ ಇದ್ದವು. ಒಂದು ಮೈಲಿಯಾಗಿರಬಹುದು, ದಾರಿ ಹೋಗಿ ಒಂದು ಹಳ್ಳದ ದಡದಲ್ಲಿ ನಿಂತುಬಿಟ್ಟಿತು. ಎರಡಾಳು ಆಳದ ಕೊರಕಲು. ಟೈರಿನ ಗೆರೆ ನೇರವಾಗಿ ದಡದ ಅಂಚಿನವರೆಗೆ ಹೋಗಿ ಅಲ್ಲಿಗೆ ಮುಗಿದಿತ್ತು. ಇಬ್ಬರೂ ಇಳಿದು ಅಂಚಿಗೆ ಹೋಗಿ ಬಗ್ಗಿ ನೋಡಿದೆವು.

ಕೆಳಗೆ ಮರಳಿನಲ್ಲಿ ಖಾದರ್ ಬಿದ್ದಿದ್ದ. ಜಾವಾ ಅವನ ಬಲಗಾಲಿನ ಮೇಲೆ ಮಗುಚಿಕೊಂಡಿತ್ತು.

ಹೇಗೆ ಇಳಿದೆವೋ ಗೊತ್ತಿಲ್ಲ. ಜಾರಿಕೊಂಡೇ ಇಳಿದಿರಬೇಕು. ನನ್ನ ಮೊಣಕೈ ತರಚಿದ್ದು ರಾತ್ರಿಯವರೆಗೆ ತಿಳಿಯಲಿಲ್ಲ. ಖಾದರನಿಗೆ ಎಚ್ಚರವಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು. 'ಬಂದ್ರಾ ಮೇಷ್ಟ್ರೇ' ಎಂದ, ಅಷ್ಟೇ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಸುತ್ತ ಪೆಟ್ರೋಲಿನ ವಾಸನೆ. ಎತ್ತಿ ಕಟ್ಟಿದ ಸೈಲೆನ್ಸರು ತೊಡೆಗೆ ತಾಗಿ ಪ್ಯಾಂಟು ಸುಟ್ಟು, ಚರ್ಮವೂ ಸುಟ್ಟಿತ್ತು. ಗಾಡಿಯ ಫುಟ್‌ರೆಸ್ಟು ಮರಳಿನಲ್ಲಿ ಹೂತುಕೊಂಡಿದ್ದರಿಂದ ಮೂರು ಸಲ ಎತ್ತಲು ಹೋಗಿ ಸೋತೆವು. ನಾಲ್ಕನೇ ಸಲ ರುದ್ರಣ್ಣ ಗಾಡಿಯ ಕೆಳಗೆ ಭುಜ ಕೊಟ್ಟು, ಶಿವ ಶಿವಾ ಎಂದು ಕೂಗಿ ಎಬ್ಬಿಸಿದ. ನಾನು ಖಾದರನ ಕಂಕುಳಿಗೆ ಕೈಹಾಕಿ ಎಳೆದೆ. ಅವನು ಕಿರುಚಿದ ಕಿರುಚಾಟ ಇನ್ನೂ ಕಿವಿಯಲ್ಲಿದೆ. ಮೊಣಕಾಲಿನ ಕೆಳಗೆ ಕಾಲು ಹೊರಳಬಾರದ ಕಡೆಗೆ ಹೊರಳಿತ್ತು.

ಗಾಡಿಯಿಂದ ಬಿಡಿಸಿದ್ದಾಯಿತು, ಮೇಲಕ್ಕೆ ಸಾಗಿಸುವುದು ಹೇಗೆ? ದಡದ ಮಣ್ಣು ಸಡಿಲ. ಕಾಲಿಟ್ಟಲ್ಲಿ ಕುಸಿಯುತ್ತಿತ್ತು. ಸಾವಕಾಶವಾಗಿ ಯೋಚನೆ ಮಾಡೋಣ ಎಂದು ನಾನು ಮರಳಿನಲ್ಲಿ ಕೂತೇಬಿಟ್ಟೆ. ಅಷ್ಟರಲ್ಲಿ ಮೇಲಿನಿಂದ ಅದೇ ಹೆಂಗಸಿನ ದನಿ ಕೇಳಿಸಿತು. ಪೇಟೆಯವರು ದಾರಿ ತಪ್ಪಿ ಹಳ್ಳಕ್ಕೆ ಬಿದ್ದಾರೆಂದು ಮನಸ್ಸು ತಡೆಯದೆ, ಕುರಿ ಹೊಡೆದುಕೊಂಡೇ ನಮ್ಮ ಹಿಂದೆ ಬಂದಿದ್ದಳಂತೆ. ಕೆಳಗಿನ ನೋಟ ಕಂಡವಳೇ ಬಾಯಿಗೆ ಎರಡೂ ಕೈ ಹಿಡಿದು 'ಕೂ' ಎಂದು ಕೂಗಿದಳು. ಎಲ್ಲಿದ್ದನೋ, ಸ್ವಲ್ಪ ಹೊತ್ತಿಗೆ ಅವಳ ಗಂಡ ಕಂಬಳಿ ಹೊದ್ದು ಕೋಲು ಹಿಡಿದು ಓಡಿಬಂದ. ಅವಳ ಹೆಸರು ಈರಕ್ಕ, ಅವನ ಹೆಸರು ಚಿತ್ತಯ್ಯ ಎಂದು ಆಮೇಲೆ ತಿಳಿಯಿತು.

ಚಿತ್ತಯ್ಯ ಸರಸರನೆ ಕೆಳಗಿಳಿದ. ಕಂಬಳಿ ಹಾಸಿ ಖಾದರನನ್ನು ಅದರ ಮೇಲೆ ಮಲಗಿಸಿ, ಮುರಿದ ಕಾಲಿಗೆ ತನ್ನ ಕೋಲನ್ನೇ ಆನಿಸಿ ರುದ್ರಣ್ಣನ ಟವೆಲಿನಿಂದ ಬಿಗಿದ. ಹಾಗೆ ಬಿಗಿಯುತ್ತಿರುವಾಗಲೇ ಒಮ್ಮೆ ಕೈ ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡ. ಮೇಲೆ ಈರಕ್ಕನೂ ಉತ್ತರದ ಕಡೆಗೆ ತಿರುಗಿದ್ದಳು. ನನಗೆ ಏನೂ ಕೇಳಿಸುತ್ತಿರಲಿಲ್ಲ.

'ಬಿರ್ರನೆ ಎತ್ತಿ' ಎಂದ ಚಿತ್ತಯ್ಯ.

'ಯಾಕೆ?'

'ಎತ್ರಪ್ಪ ಅಂದ್ರೆ!'

ಮೇಲಿನಿಂದ ಈರಕ್ಕ ಅರಚಿದಳು. 'ಹಳ್ಳ ಬತ್ತೈತೆ! ಮ್ಯಾಕೆ ಬನ್ರೋ! ಹಳ್ಳ ಬತ್ತೈತೆ!'

ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಉತ್ತರದ ಗುಡ್ಡಗಳಲ್ಲಿ ಸುರಿದ ಮಳೆಯ ನೀರು ಹಳ್ಳ ಹಿಡಿದು ಬರುತ್ತಿತ್ತು. ಕಂಬಳಿಯ ನಾಲ್ಕು ಮೂಲೆಯಲ್ಲಿ ಎರಡನ್ನು ಚಿತ್ತಯ್ಯ ಹಿಡಿದ. ಉಳಿದೆರಡನ್ನು ನಾವು ಹಿಡಿದೆವು. ಸ್ವಲ್ಪ ಕೆಳಗೆ ಕುರಿಗಳು ಇಳಿದು ನೀರು ಕುಡಿಯುವ ಒಂದು ಇಳಿಜಾರು ಅವನಿಗೆ ಗೊತ್ತಿತ್ತು. ಅಲ್ಲಿಂದ ಹತ್ತಿಸಿದೆವು. ಕೊನೆಯ ಎರಡು ಹೆಜ್ಜೆಯಲ್ಲಿ ನಾನು ಕಾಲು ಜಾರಿ ಮಂಡಿಯೂರಿದೆ. ಈರಕ್ಕ ನನ್ನ ಷರ್ಟಿನ ಕೊರಳಪಟ್ಟಿಗೆ ಕೈಹಾಕಿ ಎಳೆದಳು.

ಮೇಲೆ ಬಂದು ಖಾದರನನ್ನು ನೆಲದ ಮೇಲೆ ಇಳಿಸಿ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ. ಮೊದಲು ಕಸಕಡ್ಡಿ ನೊರೆಯ ಒಂದು ಸಣ್ಣ ನಾಲಿಗೆ ಮರಳಿನ ಮೇಲೆ ಸರಸರನೆ ಹರಿದುಬಂತು. ಇಷ್ಟೇನಾ ಎನ್ನುವಷ್ಟರಲ್ಲಿ ಅದರ ಹಿಂದೆ ಕೆಂಪು ನೀರು ಎರಡೂ ದಡ ತುಂಬಿಕೊಂಡು ಬಂತು. ಜಾವಾದ ಹೆಡ್‌ಲೈಟು ಒಂದು ಗಳಿಗೆ ಕಂಡಿತು, ಆಮೇಲೆ ಕಾಣಲಿಲ್ಲ. ರುದ್ರಣ್ಣ ಖಾದರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಕೂದಲಿನಲ್ಲಿದ್ದ ಮರಳನ್ನು ಒಂದೊಂದೇ ಹರಳು ಎನ್ನುವ ಹಾಗೆ ತೆಗೆಯುತ್ತಾ ಕೂತುಬಿಟ್ಟ. ಅವನ ಕಣ್ಣಲ್ಲಿ ಬಳಬಳ ನೀರು. ನಾನು ಯಾಕೋ ನಗತೊಡಗಿದೆ. ತಡೆಯಲಾರದ ನಗು. ಬದುಕಿಕೊಂಡೆವು ಎಂಬ ಭಾವನೆ ಮೈಯಲ್ಲಿ ಹಾಗೆ ಹೊರಬರಬಹುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಖಾದರನೂ ಆ ನೋವಿನಲ್ಲಿ ನಗಲು ನೋಡಿ, 'ಸುಮ್ನಿರಿ ಮೇಷ್ಟ್ರೇ, ಕಾಲು ಅಲ್ಲಾಡ್ತದೆ' ಎಂದ.

ಕತ್ತಲಾಗುವುದರೊಳಗೆ ಅವನನ್ನು ಚಿತ್ತಯ್ಯನ ಹಟ್ಟಿಗೆ ಹೊತ್ತುಕೊಂಡು ಹೋದೆವು. ಜಗಲಿಯ ಮೇಲೆ ಮಲಗಿಸಿ ಬಿಸಿ ಗಂಜಿ ಕುಡಿಸಿದರು. ಹಟ್ಟಿಯವರು ಎತ್ತಿನ ಗಾಡಿಗೆ ಹುಲ್ಲು ಹಾಸಿ ಸಿದ್ಧ ಮಾಡುವವರೆಗೆ ನಾನೂ ರುದ್ರಣ್ಣನೂ ಖಾದರನ ಪಕ್ಕದಲ್ಲಿ ಕೂತಿದ್ದೆವು. ಸ್ವಲ್ಪ ಚೇತರಿಸಿಕೊಂಡಿದ್ದ. ಮೇಷ್ಟ್ರ ಬುದ್ಧಿ ಬಿಡಲಿಲ್ಲ, ಗದರಿದೆ.

'ಕವಲಲ್ಲಿ ಯಾಕೆ ನಿಲ್ಲಲಿಲ್ಲ? ಊರಿರೋದು ಬಲಕ್ಕೆ ಅಂತ ಗೊತ್ತಿದ್ದೂ ಎಡಕ್ಕೆ ಯಾಕೆ ಬಂದೆ?'

'ಎಡಕ್ಕಾ?' ಎಂದ ಖಾದರ್. 'ಅರೆ, ನಾನು ಎಡಕ್ಕೆಲ್ಲಿ ಬಂದೆ ಮೇಷ್ಟ್ರೇ? ಬಂಡೆ ಮೇಲೆ ಹತ್ತಿದೆ. ನೀವು ಬರೋದು ತಡ ಆಯ್ತಲ್ಲ, ಮೇಲಿಂದ ಊರು ಕಾಣುತ್ತಾ ನೋಡ್ಕೊಂಡು ಐದು ನಿಮಿಷಕ್ಕೆ ವಾಪಸ್ ಬರೋಣ ಅಂತ. ಅದಕ್ಕೇ ರೆಂಬೆ ಹಾಕ್ಲಿಲ್ಲ. ಅಲ್ಲಿಂದ ಕೆಳಗೆ ನೋಡಿದ್ರೆ ಹಳ್ಳದ ಮರಳು ಬೆಳ್ಳಗೆ ಕಾಣ್ತು. ಇಳಿಸೋಣ ಅಂತ ಆಸೆ ಆಯ್ತು. ಗುಡ್ಡದ ಆ ಕಡೆ ಓರೆಯಿಂದ ಇಳಿಸ್ದೆ. ಬ್ರೇಕು ಹಿಡಿದ್ರೂ ಗಾಡಿ ನಿಲ್ಲಲಿಲ್ಲ, ಜಾರ್ಕೊಂಡು ಬಂದು ಆಚೆ ದಡದಿಂದ ಬಿದ್ದೆ.'

'ಆಚೆ ದಡದಿಂದ?'

'ಹೂಂ. ನೀವು ನಿಂತಿದ್ರಲ್ಲ, ಅದರ ಎದುರು ದಡ.' ಕಂಬಳಿ ಎಳೆದುಕೊಂಡು, 'ಬಿದ್ದುಕೊಂಡು ಅದೊಂದೇ ಯೋಚನೆ ಮೇಷ್ಟ್ರೇ. ಒಂದು ಗುರುತು ಹಾಕಿ ಬರಬಾರದಿತ್ತಾ ಅಂತ. ನೀವು ಬಂಡೆ ಹತ್ತಿ ಸೀದಾ ಊರಿಗೆ ಹೋಗ್ಬಿಡ್ತೀರಿ, ನಾನಿಲ್ಲಿ ಇದೀನಿ ಅಂತ ಯಾರಿಗೆ ಗೊತ್ತಾಗ್ತದೆ ಅಂತ' ಎಂದ.

ನಾನು ರುದ್ರಣ್ಣನ ಮುಖ ನೋಡಿದೆ. ರುದ್ರಣ್ಣ ಎದ್ದು ಎತ್ತಿನ ಗಾಡಿಯ ಕಡೆ ಹೋದ. ಒಲೆಯ ಹತ್ತಿರ ಕೂತಿದ್ದ ಈರಕ್ಕ ನನ್ನನ್ನೇ ನೋಡುತ್ತಾ, 'ನಾನು ಹೇಳ್ಲಿಲ್ವಾ ಸಾಮಿ? ಆ ದಾರೀಲಿ ಬಂದೋರು ನೀವಿಬ್ರೇ' ಎಂದಳು. ಅವಳ ದನಿಯಲ್ಲಿ ಗೆದ್ದ ಜಂಬವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಆ ರಾತ್ರಿಯೇ ಎತ್ತಿನ ಗಾಡಿಯಲ್ಲಿ ಖಾದರನನ್ನು ಪಾವಗಡಕ್ಕೆ ಸಾಗಿಸಿ ಆಸ್ಪತ್ರೆಗೆ ಸೇರಿಸಿದೆವು. ಎರಡು ಕಡೆ ಮೂಳೆ ಮುರಿದಿದೆ, ಆದರೆ ಕಾಲು ಉಳಿಯುತ್ತದೆ ಎಂದರು ಡಾಕ್ಟರು. ಬೆಳಿಗ್ಗೆ ರುದ್ರಣ್ಣನ ಅಕ್ಕ ಬಂದು ಅವನ ಪಕ್ಕ ಕೂತ ಮೇಲೆ, ಬಿಟ್ಟುಬಂದಿದ್ದ ನಮ್ಮ ಗಾಡಿಗಳನ್ನು ತರುವ ನೆಪದಲ್ಲಿ ನಾವಿಬ್ಬರೂ ಅದೇ ಎತ್ತಿನ ಗಾಡಿಯಲ್ಲಿ ವಾಪಸ್ ಹೋದೆವು. ನೆಪ ಎಂದೇಕೆ ಹೇಳುತ್ತಿದ್ದೇನೆಂದರೆ, ನನಗೆ ಗಾಡಿಗಿಂತ ಆ ದಾರಿಯನ್ನು ನೋಡುವ ಆತುರ ಹೆಚ್ಚಾಗಿತ್ತು.

ಹಳ್ಳದ ನೀರು ಇಳಿದಿತ್ತು. ಎದುರು ದಡದಲ್ಲಿ, ಗುಡ್ಡದ ಓರೆಯಿಂದ ಉದ್ದಕ್ಕೆ ಮಣ್ಣು ಕಿತ್ತು ಗಾಡಿ ಜಾರಿದ ಗಾಯ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಚಿನಲ್ಲಿ ಒಂದು ಪೊದೆ ಬುಡಸಮೇತ ಕಿತ್ತುಬಂದಿತ್ತು. ಹಿಂದಿನ ಸಂಜೆ ಆ ಗಾಬರಿಯಲ್ಲಿ ನಾವದನ್ನು ನೋಡಿರಲೇ ಇಲ್ಲ. ಖಾದರ್ ಹೇಳಿದ್ದು ನಿಜ. ಜಾವಾ ಎರಡು ಫರ್ಲಾಂಗು ಕೆಳಗೆ ಜಾಲಿಯ ಪೊದೆಯಲ್ಲಿ ಸಿಕ್ಕಿಕೊಂಡು, ಹ್ಯಾಂಡಲ್ಲಿನವರೆಗೆ ಮರಳು ತುಂಬಿಕೊಂಡು ಕೂತಿತ್ತು. ಹಿಂದಿನ ಚಕ್ರ ಮೇಲಕ್ಕಿತ್ತು. ಟೈರಿನ ಕಚ್ಚುಗಳನ್ನೂ ಕಿತ್ತುಹೋದ ಅಂಚನ್ನೂ ಮುಟ್ಟಿ ನೋಡಿದೆ.

ಈಚೆ ದಡದಿಂದ ಕವಲಿನವರೆಗೆ ಆ ಮೈಲಿ ದೂರವನ್ನು ನಡೆದುಕೊಂಡೇ ಹೋದೆವು. ಅಲ್ಲಿ ಮಳೆ ಬಿದ್ದಿರಲಿಲ್ಲ. ಹುಡಿಮಣ್ಣು ಹಾಗೇ ಇತ್ತು. ನನ್ನ ಗಾಡಿಯ ಗೆರೆ, ರುದ್ರಣ್ಣನ ಬುಲೆಟ್ಟಿನ ಗೆರೆ, ಅಲ್ಲಲ್ಲಿ ಈರಕ್ಕನ ಬರಿಗಾಲಿನ ಹೆಜ್ಜೆ, ದಾರಿಯ ಒಂದು ಮಗ್ಗುಲಿಗೆ ಕುರಿಗಳ ಗೊರಸು. ಮೂರನೆಯ ಗಾಡಿಯ ಗೆರೆ ಎಲ್ಲೂ ಇರಲಿಲ್ಲ. ಕುರಿ ತುಳಿದು ಅಳಿಸಿರಬೇಕು ಎಂದುಕೊಂಡು ಮುಂದೆ ಹೋದೆ. ಕುರಿ ತುಳಿಯದ ಕಡೆಯೂ ಇರಲಿಲ್ಲ. ನಮ್ಮ ಗೆರೆಗಳು, ಪಕ್ಕದಲ್ಲಿ ಇನ್ನೇನನ್ನೋ ಉಳಿಸಿಕೊಳ್ಳಬೇಕು ಎನ್ನುವ ಹಾಗೆ, ದಾರಿಯ ಅಂಚಿಗೆ ಒತ್ತಿಕೊಂಡು ಹೋಗಿದ್ದವು. ದಾರಿಯ ನಡುವೆ ಗಾಳಿ ಹಾಸಿದ ಮಣ್ಣು, ಒಂದೆರಡು ಓತಿಕ್ಯಾತದ ಹೆಜ್ಜೆ, ಅಷ್ಟೇ.

ಕವಲಿಗೆ ಬಂದೆವು. ನಾವು ಇಳಿದು ಬಗ್ಗಿ ನೋಡಿದ್ದ ಜಾಗ. ನನ್ನ ಬೂಟಿನ ಗುರುತು, ಕುಕ್ಕುರುಗಾಲಲ್ಲಿ ಕೂತ ರುದ್ರಣ್ಣನ ಚಪ್ಪಲಿಯ ಮುಂಗಾಲಿನ ಗುರುತು ಎದುರುಬದುರಾಗಿದ್ದವು. ಅವೆರಡರ ನಡುವೆ ನಯವಾದ ಮಣ್ಣಿನಲ್ಲಿ, ಒಂದೇ ಒಂದು ಬೆರಳಿನ ತೂತು. ಸುತ್ತ ಏನೂ ಇಲ್ಲ.

ಎಷ್ಟು ಹೊತ್ತು ಅದನ್ನು ನೋಡಿದೆನೋ ತಿಳಿಯದು. ಕೊನೆಗೆ ರುದ್ರಣ್ಣ, 'ಗಾಳಿಗೆ ಮುಚ್ಚಿರಬೇಕು' ಎಂದ. ಇದು ತಮಾಷೆಯಲ್ಲವೇ? ದಿನಾ ಹಣೆತುಂಬ ವಿಭೂತಿ ಹಚ್ಚುವವನು, ಬಲಗಣ್ಣು ಅದುರಿದರೆ ಪ್ರಯಾಣ ನಿಲ್ಲಿಸುವವನು ಅವನು. ಗಾಳಿಯ ಕಾರಣ ಹುಡುಕುತ್ತಿದ್ದವನೂ ಅವನೇ.

'ನಿನ್ನ ಬೆರಳಿನ ಗುರುತು ಬಿಟ್ಟು, ಅದನ್ನು ಮಾತ್ರ ಗಾಳಿ ಮುಚ್ಚಿತಾ ರುದ್ರಣ್ಣ?' ಎಂದೆ.

ಅವನು ನನ್ನ ತೋಳು ಹಿಡಿದುಕೊಂಡ. 'ಮೇಷ್ಟ್ರೇ, ಹುಡುಗ ಉಳಿದ. ನಡೀರಿ ಹೋಗೋಣ' ಎಂದ. ಅದಾದ ಮೇಲೆ ಅವನು ಆ ವಿಷಯ ಎತ್ತಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಾನೆ.

ನಾನು ಮಾತ್ರ ಬಿಡಲಿಲ್ಲ. ಹಿಂದೆ ಯಾವಾಗಲೋ ಖಾದರ್ ಆ ದಾರಿಯಲ್ಲಿ ಹೋಗಿದ್ದನೇ ಎಂದು ಕೇಳಿದೆ. ಇಲ್ಲ. ಹೋಗಿದ್ದರೂ ಆ ಕಚ್ಚು ಕೊರೆದದ್ದು ಹಿಂದಿನ ದಿನ ಸಂಜೆ. ಬೇರೆ ಯಾರದೋ ಗಾಡಿಯ ಟೈರಿಗೆ ಅಂಥದೇ ಗಾಯವಾಗಿತ್ತೆಂದರೆ, ಆ ಗೆರೆ ಮಾರನೆಯ ದಿನ ಎಲ್ಲಿಗೆ ಹೋಯಿತು? ಬೆಳಗಿನಿಂದ ಅದನ್ನೇ ನೋಡಿಕೊಂಡು ಬಂದಿದ್ದ ಕಣ್ಣಿಗೆ ಇಲ್ಲದ್ದು ಇದ್ದಂತೆ ಕಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಬಿಸಿಲು, ದಣಿವು. ನನಗೊಬ್ಬನಿಗೆ ಹಾಗಾಗಿದ್ದರೆ ಒಪ್ಪಬಹುದಿತ್ತು. ಇಬ್ಬರಿಗೂ ಆಯಿತೇ? ಅದೂ ಒಂದು ಮೈಲಿ ಉದ್ದಕ್ಕೆ, ಸರಿಯಾಗಿ ಅವನು ಬಿದ್ದ ಜಾಗದ ಎದುರಿನವರೆಗೆ? ಪರಿಚಯದ ಡಾಕ್ಟರೊಬ್ಬರಿಗೆ ಹೇಳಿದೆ. ಅವರು ನಕ್ಕು, ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು. ನನ್ನ ಬಳಿ ಉತ್ತರವಿಲ್ಲ ಎಂದು ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು.

ಒಮ್ಮೊಮ್ಮೆ ಈರಕ್ಕನ ಮಾತು ನೆನಪಾಗುತ್ತದೆ. ಅವಳು ಹೇಳಿದ್ದೆಲ್ಲ ಸತ್ಯ. ಆ ದಾರಿಯಲ್ಲಿ ಯಾರೂ ಹೋಗಿರಲಿಲ್ಲ. ಸದ್ದು ಬಂದದ್ದು ಬಂಡೆಯ ಕಡೆಯಿಂದಲೇ. ಆ ಸತ್ಯವನ್ನು ನಾನು ನಂಬಿದ್ದರೆ ನಾವು ಬಂಡೆ ಹತ್ತಿ, ಗುಡ್ಡ ದಾಟಿ, ಹಳ್ಳಿಗೆ ಹೋಗಿ, ಖಾದರ್ ಪಾವಗಡಕ್ಕೆ ಮುಂದಾಗಿ ಹೋಗಿರಬೇಕೆಂದುಕೊಂಡು ಯಾರದೋ ಜಗಲಿಯ ಮೇಲೆ ಟೀ ಕುಡಿಯುತ್ತಾ ಕೂತಿರುತ್ತಿದ್ದೆವು. ಅಷ್ಟು ಹೊತ್ತಿಗೆ ಹಳ್ಳ ಬಂದಿರುತ್ತಿತ್ತು.

ಕೆಲವು ವರ್ಷಗಳ ನಂತರ ನನಗೆ ಶಿರಾಕ್ಕೆ ವರ್ಗವಾಯಿತು. ಖಾದರನ ಕಾಲು ಕೂಡಿಕೊಂಡಿದೆ. ಒಂದಿಷ್ಟು ಗಿಡ್ಡ, ಆದರೆ ಅದರಿಂದ ಅವನ ಯಾವ ಕೆಲಸವೂ ನಿಂತಿಲ್ಲ. ಮೊನ್ನೆ ಗಾಡಿಯ ಚೈನು ಬಿಗಿ ಮಾಡಿಸಲೆಂದು ಅವನ ಶೆಡ್ಡಿಗೆ ಹೋದೆ. ಯಾರೂ ಕಾಣಲಿಲ್ಲ. ಒಂದು ಜೀಪು ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಅಲುಗಾಟವಿಲ್ಲ. ಸದ್ದೂ ಇಲ್ಲ. ಹಳ್ಳದ ಮರಳಿನಲ್ಲಿ ಬಿದ್ದಿದ್ದ ಖಾದರನೇ ಕಣ್ಣ ಮುಂದೆ ಬಂದ. ಬಗ್ಗಿ ನೋಡಲೆಂದು ಮುಂದೆ ಹೆಜ್ಜೆಯಿಟ್ಟೆ.

ಜೀಪಿನ ಕೆಳಗಿನಿಂದಲೇ ಮಾತು ಬಂತು. 'ಯಾರು, ಮೇಷ್ಟ್ರಾ? ಬೂಟು ನೋಡೇ ಗೊತ್ತಾಯ್ತು. ಕೂತ್ಕೊಳ್ಳಿ, ಇದೊಂದು ನಟ್ಟು ಬಿಗಿದು ಬಂದೆ. ಚಾಯ್ ಹೇಳ್ಲಾ?'

'ಹೇಳು' ಎಂದು ಅಲ್ಲಿದ್ದ ಹಳೇ ಟೈರಿನ ಮೇಲೆ ಕೂತುಕೊಂಡೆ.